ಸ್ಟೆಂಟ್, ಶುಗರ್, ಮಂಡಿನೋವು ಇರುವ ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟರೇ. ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಏಪ್ರಿಲ್ ಕೊನೆಗೆ ಬರುತ್ತಿದ್ದಾರೆ. ಅಕ್ಟೋಬರ್‌ನಲ್ಲಿ ವಾಪಸ್. ಅಪ್ಪನಿಗೆ 71 ವರ್ಷ. ಬಿಪಿ, ಶುಗರ್ ಎರಡೂ ಇದೆ. ನಾಲ್ಕು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಆಮೇಲೆ ತೊಂದರೆ ಆಗಿಲ್ಲ. ಅಮ್ಮನಿಗೆ 65, ಎರಡೂ ಮಂಡಿ ನೋವು. ನಮ್ಮ ಯಜಮಾನರು ಆಗಸ್ಟ್‌ನಲ್ಲಿ ಒಂದು ವಾರ ರಜೆ ಹಾಕಿ ಲಾಸ್ ವೇಗಸ್, ಆಮೇಲೆ ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕುಗಳನ್ನು ನೋಡಿಕೊಂಡು, ಕೊನೆಗೆ ಯೆಲ್ಲೋಸ್ಟೋನ್ ಪಾರ್ಕ್ ಮುಗಿಸುವ ಪ್ಲಾನ್ ಮಾಡಿದ್ದಾರೆ. ನಮ್ಮ ಮಾವನವರೊಬ್ಬರು "ಹಾರ್ಟ್ ಪೇಷೆಂಟ್‌ನ ಅಷ್ಟು ಎತ್ತರಕ್ಕೆ ಕರ್ಕೊಂಡು ಹೋಗ್ಬೇಡಿ" ಅಂತ ಹೆದರಿಸಿದ್ದಾರೆ. ಸ್ನೇಹಿತರು "ಎಲ್ಲಾ ಕಡೆ ರಸ್ತೆ ಇದೆ, ಲಾಲ್‌ಬಾಗ್ ಇದ್ದ ಹಾಗೆ" ಅನ್ನುತ್ತಾರೆ. ಅಪ್ಪನಿಗೆ ಕಣಿವೆಯೊಳಗೆ ಸ್ವಲ್ಪವಾದರೂ ಇಳಿಯಬೇಕಂತೆ. "ಕುಂದಾದ್ರಿ ಹತ್ತಿ ಇಳಿದವನು ನಾನು" ಅಂತ ಹಟ. ಅಮ್ಮನಿಗೆ ಕರಡಿ ಭಯ. ಇನ್ಶೂರೆನ್ಸ್ ಯಾವುದು ಮಾಡಿಸಬೇಕು? ವಿದೇಶಿಯರಿಗೆ ಟಿಕೆಟ್ ಜಾಸ್ತಿ ಆಗಿದೆಯಂತೆ, ನಿಜವಾ?

ಉತ್ತರ: ಪ್ರಶ್ನೆ ನಾಲ್ಕೈದು ಇದ್ದರೂ ನಿಮ್ಮ ಒಳಗಿನ ಚಿಂತೆ ಒಂದೇ. ಇಷ್ಟು ದೂರ ಬಂದವರಿಗೆ ಏನೂ ತೋರಿಸಲಿಲ್ಲ ಅಂತ ಆಗಬಾರದು. ತೋರಿಸಲು ಹೋಗಿ ಏನೋ ಒಂದು ಆಗಲೂಬಾರದು. ನನ್ನ ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಈ ಪ್ಲಾನ್ ಬೇಡ. ಆಗಸ್ಟ್ ಅಂತೂ ಬೇಡ.

ನಾನು ಅರಿಝೋನಾದಲ್ಲಿ ಫ್ಯಾಮಿಲಿ ಡಾಕ್ಟರ್. ಗ್ರ್ಯಾಂಡ್ ಕ್ಯಾನ್ಯನ್ ದಾರಿಯಲ್ಲಿರುವ ಊರೊಂದರ ಎಮರ್ಜೆನ್ಸಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮಕ್ಕಳ ಮನೆಗೆ ಬಂದು, ಟೂರ್ ಹೊರಟು, ಅಲ್ಲಿಗೆ ಬಂದು ಸೇರಿದ ನಮ್ಮ ಕಡೆಯ ಹಿರಿಯರನ್ನು ಸಾಕಷ್ಟು ನೋಡಿದ್ದೇನೆ. ಕರಡಿ ಕೈಗೆ ಸಿಕ್ಕವರು ಒಬ್ಬರೂ ಬರಲಿಲ್ಲ. ತಲೆ ಸುತ್ತಿ ಬಿದ್ದವರು, ಶುಗರ್ ಇಳಿದವರು, ಫೋಟೋಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಎಡವಿ ಮಣಿಕಟ್ಟು ಮುರಿದುಕೊಂಡವರು, ಎರಡು ದಿನದಿಂದ ಸರಿಯಾಗಿ ನೀರು ಕುಡಿಯದವರು, ಇವರೇ ಜಾಸ್ತಿ. ಹೆಚ್ಚಿನವರ ಹಿಂದೆ ಒಂದೇ ಕಾರಣ ಇರುತ್ತಿತ್ತು: ಗಡಿಬಿಡಿಯ ಪ್ಲಾನ್, ಮತ್ತು ಆ ಪ್ಲಾನಿಗೆ "ನನ್ನ ಕೈಲಾಗಲ್ಲ" ಅಂತ ಹೇಳದ ಅಪ್ಪ ಅಮ್ಮ.

ಮೊದಲು ಎತ್ತರದ ಮಾತು. ನಿಮ್ಮ ಮಾವನವರ ಭಯ ಪೂರ್ತಿ ಸುಳ್ಳಲ್ಲ, ಆದರೆ ಅಳತೆ ತಪ್ಪಿದೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎಲ್ಲರೂ ಹೋಗುವ ಸೌತ್ ರಿಮ್, ಅಂದರೆ ದಕ್ಷಿಣದ ಅಂಚು, ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ನಮ್ಮ ಊಟಿ 2,240 ಮೀಟರ್. ನಿಮ್ಮ ತಂದೆಯವರು ಊಟಿಗೆ ಹೋಗಿ ಆರಾಮಾಗಿ ಇದ್ದು ಬಂದಿದ್ದರೆ ಈ ಎತ್ತರ ಅವರಿಗೆ ಹೊಸದಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ, ಅದರಲ್ಲೂ ಆ ಎತ್ತರದಲ್ಲೇ ರಾತ್ರಿ ಮಲಗಿದಾಗ. ಬ್ರೈಸ್‌ನ ರೇನ್‌ಬೋ ಪಾಯಿಂಟ್ 2,778 ಮೀಟರ್. ಯೆಲ್ಲೋಸ್ಟೋನ್ ಸರಾಸರಿ 2,400ರ ಆಸುಪಾಸು. ಕೊಲೊರಾಡೋದ ರಾಕಿ ಮೌಂಟನ್ ಪಾರ್ಕ್‌ನಲ್ಲಿ ರಸ್ತೆಯೇ 3,713 ಮೀಟರ್‌ವರೆಗೆ ಹೋಗುತ್ತದೆ. ಕಾರಿನಲ್ಲಿ ಕೂತೇ ಅಷ್ಟು ಮೇಲೆ ಹೋಗಿಬಿಡಬಹುದು, ಅಪಾಯ ಇರುವುದೇ ಅದರಲ್ಲಿ. ಅಲ್ಲಿಗೆ ಅವರನ್ನು ನೇರವಾಗಿ ಕರೆದೊಯ್ಯುವುದು ನನಗೆ ಇಷ್ಟವಿಲ್ಲ.

ತಲೆನೋವು, ವಾಕರಿಕೆ, ಊಟ ಬೇಡ ಅನ್ನುವುದು, ನಿದ್ದೆ ಬಾರದಿರುವುದು ಎತ್ತರದ ಲಕ್ಷಣ. ನಮ್ಮವರು "ಕಾರಲ್ಲಿ ಕೂತು ಕೂತು ಹೀಗಾಗಿದೆ" ಅಂದುಬಿಡುತ್ತಾರೆ. ತಲೆನೋವಿನ ಜೊತೆ ಇನ್ನೊಂದು ಲಕ್ಷಣ ಕಂಡರೆ ಅವತ್ತು ಇನ್ನೂ ಮೇಲಕ್ಕೆ ಹೋಗಬೇಡಿ. ಜಾಸ್ತಿ ಆದರೆ ಕೆಳಗಿಳಿಯಿರಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಮಾತು ತೊದಲಿದರೆ, ಕಾಯಬೇಡಿ, 911ಕ್ಕೆ ಫೋನ್ ಮಾಡಿ.

ಸ್ಟೆಂಟ್ ಬಗ್ಗೆ. ನಾಲ್ಕು ವರ್ಷದ ಹಳೆಯ ಸ್ಟೆಂಟ್, ಎದೆನೋವಿಲ್ಲ, ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರೆ ಅಂದರೆ ಸೌತ್ ರಿಮ್ ಎತ್ತರಕ್ಕೆ ಸಾಮಾನ್ಯವಾಗಿ ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ಆದರೆ ಆ ಮಾತನ್ನು ಅವರ ಹೃದಯದ ಡಾಕ್ಟರ್ ಬಾಯಿಂದಲೇ ಕೇಳಿ. ಊರು ಬಿಡುವ ಮೊದಲು ಒಮ್ಮೆ ತೋರಿಸಿ, ಯಾವ ಜಾಗ, ಎಷ್ಟು ಎತ್ತರ ಅಂತ ಹೇಳಿ. ಇಸಿಜಿ ಪ್ರತಿ, ಔಷಧದ ಮೂಲ ಹೆಸರು ಬರೆದ ಚೀಟಿ ತರಲಿ. ನಮ್ಮಲ್ಲಿನ ಬ್ರಾಂಡ್ ಹೆಸರು ಹೇಳಿದರೆ ಇಲ್ಲಿನ ಎಮರ್ಜೆನ್ಸಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಇತ್ತೀಚೆಗೆ ಎದೆನೋವು ಬಂದಿದ್ದರೆ, ಕಾಲು ಊದುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಪ್ರವಾಸ ಮುಂದೂಡಿ.

ಇನ್ನು ನಿಮ್ಮ ತಂದೆಯವರ ಕುಂದಾದ್ರಿ. ಬೆಟ್ಟ ಹತ್ತುವಾಗ ಕಷ್ಟ ಮೊದಲು ಬರುತ್ತದೆ. ಸುಸ್ತಾದರೆ ಅಲ್ಲಿಂದಲೇ ತಿರುಗಿ ಇಳಿದರಾಯಿತು. ಕ್ಯಾನ್ಯನ್‌ನಲ್ಲಿ ಸುಲಭದ್ದು ಮೊದಲು. ಸೌತ್ ರಿಮ್‌ನಿಂದ ಕಣಿವೆಗೆ ಇಳಿಯುವ ಬ್ರೈಟ್ ಏಂಜಲ್ ಅನ್ನುವ ಕಾಲುದಾರಿಯಲ್ಲಿ ಕಾಲು ತಾನಾಗಿ ಇಳಿಯುತ್ತದೆ, ನೋಟ ಚೆನ್ನಾಗಿರುತ್ತದೆ, ಎಲ್ಲರೂ ನಗುತ್ತಾ ಹೋಗುತ್ತಾರೆ. ಸುಸ್ತು ಗೊತ್ತಾಗುವ ಹೊತ್ತಿಗೆ ಹತ್ತುವುದು ಪೂರ್ತಿ ಬಾಕಿ ಇರುತ್ತದೆ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕು ಅಂತ ಅಲ್ಲಿನ ರೇಂಜರ್‌ಗಳು ಹೇಳುತ್ತಾರೆ. ಕೆಳಗೆ ಹೋದಷ್ಟೂ ಬಿಸಿ. ಬೇಸಿಗೆಯಲ್ಲಿ ಅಂಚಿನಲ್ಲಿ 28 ಡಿಗ್ರಿ ಇದ್ದಾಗ ನದಿಯ ಹತ್ತಿರ 40 ದಾಟಿರುತ್ತದೆ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಅಂತ ಪಾರ್ಕಿನವರು ಹೇಳುವುದು ಇದಕ್ಕೇ.

ಮಲೆನಾಡಿನವರಿಗೆ ಇನ್ನೊಂದು ಮೋಸ ಇದೆ. ನಮ್ಮಲ್ಲಿ ಬೆವರು ಅಂಗಿಗೆ ಅಂಟುತ್ತದೆ, ಕತ್ತಿನಿಂದ ಇಳಿಯುತ್ತದೆ. ಅದನ್ನು ನೋಡಿ ನೀರು ಕುಡಿಯುವುದು ರೂಢಿ. ಇಲ್ಲಿನ ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಕಾಲರ್ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಕಾಣುತ್ತದೆ. "ನಂಗೆ ಬೆವರೇ ಬಂದಿಲ್ಲ" ಅಂದ ಹಿರಿಯರೊಬ್ಬರ ಕಾಲರ್ ತೋರಿಸಿ ನಾನು ಡ್ರಿಪ್ ಹಾಕಿದ್ದುಂಟು. ಹಾಗಂತ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಅದೂ ಅಪಾಯವೇ. ನಡೆಯುವ ದಿನ ನೀರಿನ ಜೊತೆ ಸ್ವಲ್ಪ ಉಪ್ಪು ಹೊಟ್ಟೆಗೆ ಹೋಗಬೇಕು. ಬಿಪಿ ಇರುವವರಿಗೆ ಚಕ್ಕುಲಿ ತಿನ್ನಿ ಅಂತ ನಾನು ಹೇಳುವುದು ಇಂಥ ದಿನಗಳಲ್ಲಿ ಮಾತ್ರ! ಹೃದಯ ದುರ್ಬಲ ಆಗಿದೆ, ನೀರು ಉಪ್ಪು ಅಳೆದು ಕೊಡಿ ಅಂತ ಅವರ ಡಾಕ್ಟರ್ ಹೇಳಿದ್ದರೆ ನನ್ನ ಮಾತು ಬಿಡಿ, ಅವರ ಮಾತು ಕೇಳಿ.

ಹಾಗಾದರೆ ಇಳಿಯಲೇಬಾರದಾ? ಬೆಳಗ್ಗೆ ಬೇಗ, ಬ್ರೈಟ್ ಏಂಜಲ್ ದಾರಿಯಲ್ಲಿ ಮೊದಲು ಸಿಗುವ ಪುಟ್ಟ ಸುರಂಗದವರೆಗೆ ಹೋಗಿ ಬರಲಿ. ಬಂಡೆ ಕೊರೆದು ಮಾಡಿದ ಸುರಂಗ ಅದು, ಅಂಚಿನಿಂದ ಅರ್ಧ ಕಿಲೋಮೀಟರ್ ಒಳಗೇ ಸಿಗುತ್ತದೆ. ಕೈಯಲ್ಲಿ ಕೋಲು ಇರಲಿ. ಹೇಸರಗತ್ತೆಗಳ ಸಾಲು ಬಂದರೆ ಗೋಡೆಯ ಕಡೆ ಒರಗಿ ನಿಲ್ಲಬೇಕು, ಪ್ರಪಾತದ ಕಡೆ ಅಲ್ಲ. ಅಷ್ಟು ಇಳಿದರೂ ತಂದೆಯವರ ಹಟಕ್ಕೆ ಸಾಕು. ಅಮ್ಮ ಇಳಿಯುವುದು ಬೇಡ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಪೆಟ್ಟು. ಅವರಿಗೆ ಅಂಚಿನಲ್ಲಿ ಬಹುಪಾಲು ಡಾಂಬರು ಹಾಕಿದ, ಹೆಚ್ಚಿನ ಕಡೆ ಸಮತಟ್ಟಾದ ದಾರಿ ಇದೆ, ಅಲ್ಲಲ್ಲಿ ಬೆಂಚು ಇದೆ, ಉಚಿತ ಶಟಲ್ ಬಸ್ ಇದೆ. ಪಶ್ಚಿಮದ ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರು ಬಿಡುವುದಿಲ್ಲ. ಆದರೆ ನಡೆಯಲು ತೊಂದರೆ ಇರುವವರ ಕಾರಿಗೆ ಪರವಾನಗಿ ಕೊಡುತ್ತಾರೆ, ವಿಸಿಟರ್ ಸೆಂಟರ್‌ನಲ್ಲಿ ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ. ನಮ್ಮ ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅಂತಲ್ಲ, ಟಾಯ್ಲೆಟ್ ಎಲ್ಲಿ ಸಿಗುತ್ತೋ, ಹೇಗಿರುತ್ತೋ ಅಂತ. ಅಳಿಯ ಗಾಡಿ ಓಡಿಸುವಾಗ "ನಿಲ್ಲಿಸಪ್ಪಾ" ಅನ್ನಲು ಅತ್ತೆಗೆ ಮುಜುಗರ. ಬೆಳಗ್ಗೆ ಒಂದು ಲೋಟ ಕಾಫಿ, ಆಮೇಲೆ ಮಧ್ಯಾಹ್ನದವರೆಗೆ ಎರಡು ಗುಟುಕು. ಬಿಪಿ ಮಾತ್ರೆ ಮಾತ್ರ ತಪ್ಪದೆ ನುಂಗಿರುತ್ತಾರೆ. ಮೂತ್ರ ಹೆಚ್ಚಿಸುವ ಔಷಧ ಆ ಮಾತ್ರೆಯಲ್ಲೇ ಸೇರಿರುವುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಒಣ ಹವೆ, ನೀರಿಲ್ಲ, ಮೇಲೆ ಈ ಮಾತ್ರೆ. ನೋಟದ ಜಾಗ ಬಂತು ಅಂತ ಕಾರಿನಿಂದ ದಡಕ್ಕನೆ ಇಳಿದು ನಿಂತಾಗ ಬಿಪಿ ಕುಸಿದು ಕಣ್ಣು ಕತ್ತಲಾಗುತ್ತದೆ. ತಡೆಬೇಲಿ ಇಲ್ಲದ ಅಂಚುಗಳು ಅಲ್ಲಿ ಬೇಕಾದಷ್ಟು ಇವೆ ಅನ್ನುವುದು ನೆನಪಿರಲಿ.

ಅದಕ್ಕೆ ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ. ಕೇಳುವವರೆಗೆ ಕಾಯಬೇಡಿ. ಪಾರ್ಕುಗಳ ಒಳಗಿನ ಹಲವು ಟಾಯ್ಲೆಟ್‌ಗಳಲ್ಲಿ ನೀರೇ ಇರುವುದಿಲ್ಲ. ಕೆಳಗೆ ಆಳದ ಗುಂಡಿ, ಪಕ್ಕದಲ್ಲಿ ಪೇಪರ್, ಅಷ್ಟೇ. ಇದನ್ನು ಅಮ್ಮನಿಗೆ ಮೊದಲೇ ಹೇಳಿ, ಅವರ ಬ್ಯಾಗಿನಲ್ಲಿ ಒಂದು ನೀರಿನ ಬಾಟಲಿ ಇದಕ್ಕೇ ಅಂತ ಇಡಿ. ಕುಡಿಯುವ ನೀರಿನ ಬಾಟಲಿ ಬೇರೆ ಬಣ್ಣದ್ದಿರಲಿ. ಇಷ್ಟು ಮಾಡಿದರೆ ಅವರು ನೀರು ಕುಡಿಯುತ್ತಾರೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿಸಿಲಲ್ಲಿ ತಿರುಗುವ ದಿನ, ವಾಂತಿ ಭೇದಿ ಆದ ದಿನ ಯಾವುದನ್ನು ತಗೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಊರಿನ ಡಾಕ್ಟರ್ ಹತ್ತಿರವೇ ಬರೆಸಿಕೊಂಡು ಬನ್ನಿ.

ಶುಗರ್ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಥರದ್ದು ಇದ್ದರೆ ಅಥವಾ ಇನ್ಸುಲಿನ್ ಇದ್ದರೆ, ಜಾಸ್ತಿ ನಡೆದು ಊಟ ತಡವಾದಾಗ ಶುಗರ್ ಇಳಿಯುತ್ತದೆ. ಪಾರ್ಕಿನೊಳಗೆ ಊಟ ಹುಡುಕುವುದೇ ಒಂದು ಕೆಲಸ, ಸಾಲು ಬೇರೆ ಇರುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಬೆಲ್ಲದ ತುಂಡು, ಕಾರಿನಲ್ಲಿ ಚಪಾತಿ, ಅವಲಕ್ಕಿ ಇಟ್ಟುಕೊಳ್ಳಿ. ಇನ್ಸುಲಿನ್ನನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಿಸಿಗೆ ಕೆಡುತ್ತದೆ, ಕೆಟ್ಟಿದ್ದು ನೋಡಿದರೆ ಗೊತ್ತಾಗುವುದಿಲ್ಲ.

ಅಮ್ಮನ ಕರಡಿ ಭಯಕ್ಕೆ ಬರೋಣ. ಯೆಲ್ಲೋಸ್ಟೋನ್ ಪಾರ್ಕ್ ಆಗಿದ್ದು 1872ರಲ್ಲಿ. ಅಷ್ಟು ವರ್ಷದಲ್ಲಿ ಅಲ್ಲಿ ಕರಡಿಯಿಂದ ಸತ್ತವರು ಬೆರಳೆಣಿಕೆಯಷ್ಟು. ಬಿಸಿನೀರಿನ ಬುಗ್ಗೆಗಳಿಗೆ ಬಿದ್ದು ಸತ್ತವರು 20ಕ್ಕಿಂತ ಜಾಸ್ತಿ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ನೆಲ ತೆಳುವಾದ ಹಪ್ಪಳದಂತಿರುತ್ತದೆ. ಹಲಗೆ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು. ಪ್ರಾಣಿಗಳಲ್ಲಿ ಅಲ್ಲಿ ಅತಿ ಹೆಚ್ಚು ಜನರಿಗೆ ಪೆಟ್ಟು ಮಾಡಿರುವುದು ಬೈಸನ್, ಅಂದರೆ ಆ ಕಾಡೆಮ್ಮೆ. ನಮ್ಮ ಎಮ್ಮೆಯ ಹಾಗೆ ಸಾಧುವಾಗಿ ಮೇಯುತ್ತಾ ನಿಂತಿರುತ್ತದೆ ಅಂತ ಹತ್ತಿರ ಹೋಗುತ್ತಾರೆ. ಅದು ಮನುಷ್ಯನ ಮೂರರಷ್ಟು ವೇಗದಲ್ಲಿ ಓಡುತ್ತದೆ. ಬೈಸನ್‌ನಿಂದ 23 ಮೀಟರ್, ಕರಡಿ ತೋಳಗಳಿಂದ 91 ಮೀಟರ್ ದೂರ ಇರಬೇಕು ಅನ್ನುವುದು ಅಲ್ಲಿನ ಕಾನೂನು. ಕರಡಿ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾಗಿರುವುದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕಿನಲ್ಲಿ, ಅದೂ ನಿಮ್ಮ ಚಟ್ನಿಪುಡಿಗೆ. ಅಲ್ಲಿ ರಾತ್ರಿ ಕಾರಿನಲ್ಲಿ ತಿಂಡಿ ಬಿಡುವ ಹಾಗಿಲ್ಲ. ಕರಡಿಗಳು ವಾಸನೆ ಹಿಡಿದು ಬಾಗಿಲು ಕೀಳುತ್ತವೆ. ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್ ಎಲ್ಲ ರೂಮಿಗೆ ಅಥವಾ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು.

ಈಗ ಪ್ಲಾನ್. ನಿಮ್ಮ ಯಜಮಾನರ ಲೆಕ್ಕ ನೋಡಿ: ವೇಗಸ್‌ನಿಂದ ಝಯಾನ್‌ಗೆ ಎರಡೂವರೆ, ಮೂರು ಗಂಟೆ. ಅಲ್ಲಿಂದ ಬ್ರೈಸ್‌ಗೆ ಎರಡು. ಬ್ರೈಸ್‌ನಿಂದ ಸೌತ್ ರಿಮ್‌ಗೆ ಸುಮಾರು ಐದು. ಅಲ್ಲಿಂದ ಯೆಲ್ಲೋಸ್ಟೋನ್‌ಗೆ ಕಾರಿನಲ್ಲಿ ಹೋದರೆ ಒಂದು ಪೂರ್ತಿ ದಿನ ಸಾಲದು. ವಿಮಾನದಲ್ಲಿ ಸಾಲ್ಟ್ ಲೇಕ್‌ಗೆ ಹಾರಿದರೂ ಮತ್ತೆ ಐದು ಗಂಟೆ ಗಾಡಿ. ಓಡಿಸುವವರು ಒಬ್ಬರೇ. ಪಾರ್ಕುಗಳಲ್ಲಿ ಆಕಸ್ಮಿಕವಾಗಿ ಜೀವ ಹೋಗುವುದಕ್ಕೆ ಮುಖ್ಯ ಕಾರಣಗಳು ನೀರಿನಲ್ಲಿ ಮುಳುಗುವುದು, ವಾಹನ ಅಪಘಾತ, ಮೇಲಿನಿಂದ ಬೀಳುವುದು. ಕತ್ತಲಾದ ಮೇಲೆ ಜಿಂಕೆ, ಎಲ್ಕ್ ಅನ್ನುವ ದೊಡ್ಡ ಜಿಂಕೆ ರಸ್ತೆಗೆ ನುಗ್ಗುವ ದಾರಿಯಲ್ಲಿ ದಣಿದ ಡ್ರೈವರ್ ಇರುವುದು ನನಗೆ ಸ್ಟೆಂಟ್‌ಗಿಂತ ಹೆಚ್ಚು ಚಿಂತೆ.

ನನ್ನ ಕೇಳಿದರೆ ಹೀಗೆ ಮಾಡಿ. ಮೇ ಕೊನೆಯಲ್ಲಿ ಯೊಸೆಮಿಟಿಗೆ ಹೋಗಿ. ಫ್ರೀಮಾಂಟ್‌ನಿಂದ ನಾಲ್ಕು ಗಂಟೆ ದಾರಿ. ಕಣಿವೆಯ ನೆಲ 1,200 ಮೀಟರ್ ಮಾತ್ರ, ಸಮತಟ್ಟು, ಶಟಲ್ ಇದೆ. ಹಿಮ ಕರಗಿ ಜಲಪಾತ ತುಂಬಿರುತ್ತದೆ. 739 ಮೀಟರ್ ಎತ್ತರದಿಂದ ಬೀಳುವ ಯೊಸೆಮಿಟಿ ಫಾಲ್ಸ್ ಆಗಸ್ಟ್ ಹೊತ್ತಿಗೆ ಸಾಮಾನ್ಯವಾಗಿ ಒಣಗಿಹೋಗುತ್ತದೆ. ಜೋಗಕ್ಕೆ ಏಪ್ರಿಲ್‌ನಲ್ಲಿ ಹೋಗಿ ಬೇಜಾರಾದವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಪ್ರವಾಸದಲ್ಲಿ ಇಬ್ಬರೂ ಎಷ್ಟು ನಡೆಯುತ್ತಾರೆ, ಎಷ್ಟು ಹೊತ್ತು ಕಾರಿನಲ್ಲಿ ಕೂರುತ್ತಾರೆ ಅಂತ ನಿಮಗೆ ತಿಳಿಯುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಒಂದನ್ನೇ ಇಟ್ಟುಕೊಳ್ಳಿ. ಸೌತ್ ರಿಮ್‌ನಲ್ಲಿ ಮೂರು ರಾತ್ರಿ. ಫೀನಿಕ್ಸ್‌ಗೆ ವಿಮಾನ, ಅಲ್ಲಿಂದ ಮೂರೂವರೆ ಗಂಟೆ ಕಾರು. ರಾತ್ರಿ ಚಳಿ ಇರುತ್ತದೆ, ಸ್ವೆಟರ್, ಮಂಕಿ ಕ್ಯಾಪ್ ತರಲಿ. ಪಾರ್ಕಿನ ಒಳಗಿನ ರೂಮುಗಳು ಒಂದು ವರ್ಷ ಮೊದಲೇ ತುಂಬುತ್ತವೆ. ಆದರೆ ರದ್ದಾದವು ಸಿಗುತ್ತವೆ, ದಿನಾ ಒಮ್ಮೆ ನೋಡುತ್ತಿರಿ. ಒಳಗೆ ಉಳಿದರೆ ಮಧ್ಯಾಹ್ನ ರೂಮಿಗೆ ಬಂದು ಮಲಗಬಹುದು, ಟಾಯ್ಲೆಟ್ ಹತ್ತಿರ ಇರುತ್ತದೆ, ಸಂಜೆ ಮತ್ತೆ ಹೊರಡಬಹುದು.

"ಮೂರು ದಿನ ಒಂದೇ ಗುಂಡಿ ನೋಡೋದಾ" ಅಂತ ನಿಮ್ಮ ಯಜಮಾನರು ಕೇಳಬಹುದು. ನಮ್ಮ ತಾಯಿ ಬಂದಿದ್ದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಅವರು ಸೌತ್ ರಿಮ್‌ನ ಯಾವಪೈ ಪಾಯಿಂಟ್ ಹತ್ತಿರ ಒಂದು ಬೆಂಚು ಹಿಡಿದರು, ಏಳಲಿಲ್ಲ. ಕೆಳಗೆ ಕಾಣುವ ಕಂದು ಗೆರೆ ತೋರಿಸಿ "ಅದೇನು, ಕಾಲುವೆಯಾ?" ಅಂದರು. ಕೊಲೊರಾಡೋ ನದಿ, ಸುಮಾರು 90 ಮೀಟರ್ ಅಗಲ ಇದೆ, ಇಲ್ಲಿಂದ ಒಂದೂವರೆ ಕಿಲೋಮೀಟರ್ ಕೆಳಗಿದೆ ಅಂದೆ. ನಂಬಲಿಲ್ಲ. ಮೋಡದ ನೆರಳು ಬಂಡೆಯಿಂದ ಬಂಡೆಗೆ ಹೋಗುವುದನ್ನು ನೋಡುತ್ತಾ ಕೂತರು. ಬಸ್ಸು ಬಸ್ಸಾಗಿ ಬಂದವರು ಹತ್ತು ನಿಮಿಷದಲ್ಲಿ ಫೋಟೋ ತೆಗೆದು ಹೋಗುತ್ತಿದ್ದರು. "ಇವರಿಗೆ ಏನು ಅವಸರವೋ" ಅಂದರು. ಅಲ್ಲಿಂದ ಮುಂದೆ ನಾನು ಯಾರ ಅಪ್ಪ ಅಮ್ಮನಿಗೂ ಐದು ಪಾರ್ಕಿನ ಪ್ಲಾನ್ ಒಪ್ಪಿಕೊಟ್ಟಿಲ್ಲ.

ರಜೆ ಬದಲಾಯಿಸಲು ಆಗುವುದೇ ಇಲ್ಲ, ಆಗಸ್ಟೇ ಗತಿ ಅಂದರೆ ಯೆಲ್ಲೋಸ್ಟೋನ್ ಒಂದಕ್ಕೇ ಹೋಗಿ. ಅಲ್ಲಿ ಆಗ ಹಗಲು ಹಿತವಾಗಿರುತ್ತದೆ. ಅಪಾಯ ಏನೆಂದರೆ ರಾತ್ರಿಯೂ ಎತ್ತರದಲ್ಲೇ ಮಲಗಬೇಕು, ಒಳಗಿನ ರಸ್ತೆಯೇ ಸುಮಾರು 230 ಕಿಲೋಮೀಟರ್, ದೊಡ್ಡ ಆಸ್ಪತ್ರೆ ದೂರ, ಎಷ್ಟೋ ಕಡೆ ಫೋನ್ ಸಿಗ್ನಲ್ ಇಲ್ಲ. ಝಯಾನ್, ಬ್ರೈಸ್ ಸೇರಿಸಿದ ಪ್ಲಾನ್ ಆಗಸ್ಟ್‌ಗೆ ನನಗೆ ಒಪ್ಪಿಗೆಯಿಲ್ಲ. ಝಯಾನ್ ತಳದಲ್ಲಿ ಬಿಸಿಲು ಸುಡುತ್ತದೆ. ಅದು ಅಲ್ಲಿನ ಮಳೆಗಾಲವೂ ಹೌದು, ಎಲ್ಲೋ ಮೇಲೆ ಸುರಿದ ಮಳೆ ಕಿರಿದಾದ ಕಣಿವೆಗೆ ದಿಢೀರ್ ನೆರೆಯಾಗಿ ಬರುತ್ತದೆ. ಪ್ಯಾಕೇಜ್ ಬಸ್ ಟೂರ್ ಆದರೆ ಯಜಮಾನರಿಗೆ ಡ್ರೈವಿಂಗ್ ತಪ್ಪುತ್ತದೆ, ಆದರೆ ಬಸ್ಸು ನಿಮ್ಮ ಅಮ್ಮನಿಗಾಗಿ ನಿಲ್ಲುವುದಿಲ್ಲ.

ಟಿಕೆಟ್ ವಿಷಯ ನೀವು ಕೇಳಿದ್ದು ನಿಜ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ವಾರ್ಷಿಕ ಪಾಸ್ 250 ಡಾಲರ್. ನಿವಾಸಿಗಳಿಗೆ 80. ಪಾಸ್ ಇಲ್ಲದಿದ್ದರೆ ಜನಪ್ರಿಯವಾದ 11 ಪಾರ್ಕುಗಳಲ್ಲಿ 16 ವರ್ಷ ತುಂಬಿದ ಅಂಥ ಪ್ರತಿಯೊಬ್ಬರಿಗೂ ಮಾಮೂಲಿ ಟಿಕೆಟ್ ಮೇಲೆ 100 ಡಾಲರ್. ನೀವು ಹೆಸರಿಸಿದ ನಾಲ್ಕೂ, ನಾನು ಹೇಳಿದ ಯೊಸೆಮಿಟಿಯೂ ಆ ಪಟ್ಟಿಯಲ್ಲಿವೆ. 62 ದಾಟಿದವರಿಗೆ ಅಗ್ಗದ ಸೀನಿಯರ್ ಪಾಸ್ ಇದೆಯಲ್ಲ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಒಂದು ಪಾಸಿನಲ್ಲಿ ಗಾಡಿಯಲ್ಲಿರುವ ಯಾರ್ಯಾರು ಸೇರುತ್ತಾರೆ ಅನ್ನುವ ನಿಯಮವನ್ನು ನ್ಯಾಷನಲ್ ಪಾರ್ಕ್ ಸರ್ವಿಸ್‌ನ ವೆಬ್‌ಸೈಟ್‌ನಲ್ಲಿ ಓದಿಯೇ ದುಡ್ಡು ಕಟ್ಟಿ.

ಇನ್ಶೂರೆನ್ಸ್ ಅವರು ವಿಮಾನ ಹತ್ತುವ ಮೊದಲೇ ಆಗಿರಬೇಕು. ಅಗ್ಗದ ಪಾಲಿಸಿಗಳು ಪ್ರತಿ ಚಿಕಿತ್ಸೆಗೂ ಇಷ್ಟೇ ಅಂತ ಮಿತಿ ಹಾಕಿರುತ್ತವೆ. ಇಲ್ಲಿನ ಬಿಲ್ ಮುಂದೆ ಅದು ಏನೇನೂ ಸಾಲದು. ಮಿತಿಯಿಲ್ಲದೆ ಒಟ್ಟು ಮೊತ್ತದವರೆಗೆ ಕೊಡುವಂಥದ್ದನ್ನು ನೋಡಿ. ಬಿಪಿ, ಶುಗರ್, ಸ್ಟೆಂಟ್ ಎಲ್ಲ ಹಳೆಯ ಕಾಯಿಲೆ ಲೆಕ್ಕಕ್ಕೆ ಬರುತ್ತವೆ. ಅವು ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಕೊಡುತ್ತಾರಾ ಅಂತ ಕೇಳಿ. ಕೆಲವು ಪಾಲಿಸಿಗಳಲ್ಲಿ 70 ದಾಟಿದವರಿಗೆ ಆ ಸೌಲಭ್ಯ ಇರುವುದಿಲ್ಲ. ನಿಮ್ಮ ತಂದೆಯವರಿಗೆ 71, ಹಾಗಾಗಿ ಆ ಸಾಲನ್ನು ಬರಹದಲ್ಲೇ ನೋಡಿ, ಏಜೆಂಟ್ ಬಾಯಿಮಾತು ನಂಬಬೇಡಿ. ಪಾರ್ಕಿನ ರೇಂಜರ್‌ಗಳು ಬಂದು ಕಾಪಾಡಿದ್ದಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಆದರೆ ಅಲ್ಲಿಂದ ಆಸ್ಪತ್ರೆಗೆ ಒಯ್ಯುವ ಏರ್ ಆಂಬ್ಯುಲೆನ್ಸ್ ಬಿಲ್ ಹತ್ತಾರು ಸಾವಿರ ಡಾಲರ್ ಆಗಬಹುದು. ಪಾಲಿಸಿಯಲ್ಲಿ ಅದಕ್ಕೆ ಎಷ್ಟು ಕೊಡುತ್ತಾರೆ ಅನ್ನುವುದನ್ನೂ ಕೊಳ್ಳುವ ಮೊದಲೇ ಓದಿಕೊಳ್ಳಿ.